ಕೆರೆ ಏರಿಯ ಮೂರು ಕಲ್ಲುಗಳು: ಇದ್ದಲ್ಲೇ ಉಳಿಸೋಣವೇ, ಎತ್ತಿ ಒಂದೆಡೆ ಸೇರಿಸೋಣವೇ?

ಕೋಟೆಬೀದಿ ಬಳಗ

ಎಲ್ಲರಿಗೂ ನಮಸ್ಕಾರ. ನಾವು ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನವರು. ಅಂಗಡಿಯವರು, ಇಬ್ಬರು ಶಾಲಾ ಶಿಕ್ಷಕಿಯರು, ಕಾಲೇಜು ಹುಡುಗರು, ಒಬ್ಬರು ನಿವೃತ್ತ ಲೈನ್‌ಮನ್ ಸೇರಿಕೊಂಡು ಭಾನುವಾರಗಳಂದು ಊರಿನ ಹಳೆಯ ಜಾಗಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇವೆ. ಕಲ್ಯಾಣಿಯ ಹೂಳು ತೆಗೆದಿದ್ದೇವೆ, ಕೋಟೆ ಗೋಡೆಯ ಸಂದಿಯಲ್ಲಿ ಬೇರುಬಿಟ್ಟಿದ್ದ ಅರಳಿ ಗಿಡಗಳನ್ನು ಕತ್ತರಿಸಿದ್ದೇವೆ. ಸುತ್ತಲಿನ ಹಳ್ಳಿಗಳಲ್ಲಿ ಹೋರಾಡಿ ಮಡಿದವರ ವೀರಗಲ್ಲು, ಸತಿ ಹೋದವರ ಮಾಸ್ತಿಗಲ್ಲು, ಶಾಸನಗಳ ಪಟ್ಟಿ ಮಾಡುವ ಕೆಲಸ ಇನ್ನೂ ನಡೆಯುತ್ತಿದೆ.

ಈಗ ಕೆರೆ ಏರಿಯ ಮೇಲಿನ ರಸ್ತೆ ಅಗಲ ಮಾಡುತ್ತಿದ್ದಾರೆ. ಏರಿಯ ಅಂಚಿನಲ್ಲಿ ಎರಡು ವೀರಗಲ್ಲು, ಒಂದು ಶಾಸನ ಇವೆ. ದೊಡ್ಡ ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ವೀರ, ಅವನ ಹಿಂದೆ ದನಗಳ ಸಾಲು, ಸಾಲಿನ ಕೊನೆಯಲ್ಲಿ ಕತ್ತು ಹೊರಳಿಸಿ ಹಿಂದೆ ನೋಡುತ್ತಿರುವ ಒಂದು ಕರು. ವೀರನ ಪಾದ ಕಾಣುವುದಿಲ್ಲ. ಹಿಂದೆ ಡಾಂಬರು ಹಾಕುವಾಗ ರಸ್ತೆ ಅವನ ಮೊಣಕಾಲಿನವರೆಗೆ ಏರಿಬಿಟ್ಟಿದೆ. ಶಾಸನದ ಕಲ್ಲು ಚರಂಡಿಗೆ ಅಡ್ಡಲಾಗಿ ಮಲಗಿದೆ, ಜನ ಅದರ ಮೇಲೇ ದಾಟುತ್ತಾರೆ.

ಪಂಚಾಯಿತಿಯವರು ಬಸ್ ನಿಲ್ದಾಣದ ಹಿಂದಿನ ಖಾಲಿ ಜಾಗ ಕೊಡುತ್ತೇವೆ, ಮೂರನ್ನೂ ಎತ್ತಿ ಅಲ್ಲಿ ನಿಲ್ಲಿಸಿ, ಬೇರೆ ಹಳ್ಳಿಗಳ ಕಲ್ಲುಗಳನ್ನೂ ತಂದು ಒಂದು ಶಿಲಾವನ ಮಾಡಿ ಅನ್ನುತ್ತಿದ್ದಾರೆ. ಬಳಗದಲ್ಲಿ ಅರ್ಧ ಜನ ಒಪ್ಪುತ್ತಾರೆ, ಅರ್ಧ ಜನ ಬೇಡ ಅನ್ನುತ್ತಾರೆ. ಇಂಥ ಕೆಲಸ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೇಲೂರು ಕಡೆಯವ

ಎರಡನೇ ಯೋಚನೆ ಬೇಡ, ಎತ್ತಿಸಿ. ಜೆಸಿಬಿ ಬಂದು ನಿಂತ ಮೇಲೆ ಯಾರ ಮಾತೂ ನಡೆಯುವುದಿಲ್ಲ. ನಮ್ಮ ಪಕ್ಕದ ಹಳ್ಳಿಯ ತೋಟದಲ್ಲಿದ್ದ ವೀರಗಲ್ಲನ್ನು ನಿಧಿ ಆಸೆಗೆ ಬುಡ ಅಗೆದು ಎರಡು ತುಂಡು ಮಾಡಿದರು. ಹಲ್ಮಿಡಿ ನಮ್ಮ ತಾಲ್ಲೂಕಿನದೇ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿ ಸುರಕ್ಷಿತವಾಗಿದೆ, ಊರಿನಲ್ಲಿ ಪ್ರತಿಕೃತಿ ಇದೆ. ಅದರಿಂದ ಹಲ್ಮಿಡಿಯ ಹೆಸರಿಗೆ ಏನೂ ಕುಂದು ಬಂದಿಲ್ಲ. ಕಲ್ಲು ಉಳಿಯುವುದು ಮುಖ್ಯ, ಜಾಗ ಆಮೇಲೆ.

ಶಾಸನದ ಮೇಷ್ಟ್ರು

ಬೇಲೂರಿನವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಹಲ್ಮಿಡಿಯ ಕಲ್ಲನ್ನು ಕೊಂಡೊಯ್ದದ್ದು ಇಲಾಖೆ. ಎಲ್ಲಿ ಸಿಕ್ಕಿತು, ಹೇಗೆ ನಿಂತಿತ್ತು ಎಂದು ಬರೆದಿಟ್ಟು, ಓದಿ, ಅಚ್ಚು ಮಾಡಿ ಕೊಂಡೊಯ್ದರು. ಬಸ್ ನಿಲ್ದಾಣದ ಹಿಂದೆ ಕ್ರೇನಿನಲ್ಲಿ ಸಾಗಿಸಿ ಸಿಮೆಂಟಿನಲ್ಲಿ ನಿಲ್ಲಿಸುವ ಕೆಲಸವನ್ನು ಅದರ ಜೊತೆ ಇಡಬೇಡಿ.

ಬಳಗದವರೇ, ಕಲ್ಲು ಮುಟ್ಟುವ ಮೊದಲು ನಮ್ಮ ನಾಡಿನ ಶಾಸನಗಳನ್ನು ಅಚ್ಚು ಮಾಡಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತೆರೆದು ನೋಡಿ. ಬಿ.ಎಲ್. ರೈಸ್ ಅವರ ಕಾಲದ ಹಳೆಯ ಮುದ್ರಣದಲ್ಲಿ ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ. ತಾಲ್ಲೂಕಿನ ಪ್ರಕಾರ ಸಂಖ್ಯೆ ಕೊಟ್ಟಿರುತ್ತಾರೆ, ಜೊತೆಗೆ "ಕೆರೆಯ ಕೋಡಿಯಲ್ಲಿ", "ಊರ ಮುಂದಿನ ತೋಪಿನಲ್ಲಿ" ಎಂಬಂತೆ ಜಾಗವನ್ನೂ ಹೇಳಿರುತ್ತಾರೆ. ನಿಮ್ಮ ಶಾಸನ ಅಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ: ಪಾಠ ಸಿಗುತ್ತದೆ, ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕಲ್ಲು ಎಲ್ಲಿತ್ತು ಎಂಬುದಕ್ಕೆ ಅಚ್ಚಾದ ದಾಖಲೆಯೂ ಸಿಗುತ್ತದೆ. ಇಲ್ಲದಿದ್ದರೆ ಇನ್ನೂ ಜೋಪಾನ, ಯಾರೂ ಓದದ ಕಲ್ಲು ನಿಮ್ಮ ಕೈಯಲ್ಲಿದೆ.

ಜಾಗ ಏಕೆ ಮುಖ್ಯ ಅನ್ನುತ್ತೇನೆ ಕೇಳಿ. ಕೆರೆ ಏರಿಯ ಮೇಲಿರುವ ಶಾಸನ ಸಾಮಾನ್ಯವಾಗಿ ಕೆರೆಯದೇ ವಿಷಯ ಹೇಳುತ್ತದೆ. ಯಾರು ಕಟ್ಟಿಸಿದರು, ತೂಬು ಯಾರು ಇಡಿಸಿದರು, ಏರಿ ಕೆಡದಂತೆ ನೋಡಿಕೊಳ್ಳುವವನಿಗೆ ಕೆರೆಯ ಕೆಳಗೆ ಎಷ್ಟು ಗದ್ದೆ ಬಿಟ್ಟರು. ಆಮೇಲೆ ಎಲ್ಲೆ ಹೇಳುತ್ತದೆ: ಮೂಡಲು ಈ ಹಳ್ಳ, ತೆಂಕಲು ಆ ಗುಂಡು, ಪಡುವಲು ಹುಣಸೆ ಮರ. ಆ ಕಲ್ಲಿನ ಮುಂದೆ ನಿಂತು ತಲೆ ಎತ್ತಿದರೆ ಆ ಹಳ್ಳ, ಆ ಗುಂಡು ಎಷ್ಟೋ ಕಡೆ ಇವತ್ತಿಗೂ ಕಾಣುತ್ತವೆ. ಬಸ್ ನಿಲ್ದಾಣದ ಹಿಂದೆ ನಿಂತು "ಮೂಡಲು ಹಳ್ಳ" ಎಂದು ಓದಿದರೆ ಯಾವ ಹಳ್ಳ, ಯಾವ ಮೂಡಲು?

ಗದಗಿನಾಂವ

ಮೇಷ್ಟ್ರ ಮಾತು ಖರೆ ಐತಿ. ನಮ್ಮ ಕಡೆ ಒಂದ ಸಾಲಿ ಅಂಗಳದಾಗ ಹತ್ತಾರು ಕಲ್ಲು ತಂದ ನಿಲ್ಲಿಸ್ಯಾರ್ರೀ. ತಂದವರು ಒಳ್ಳೇ ಮನಸಿಂದನ ತಂದ್ರು. ಆದ್ರ ಯಾವ ಕಲ್ಲು ಯಾವ ಊರಿಂದು ಅಂತ ಒಂದ ಚೀಟಿನೂ ಬರದಿಡಲಿಲ್ಲ. ತಂದ ಹೆಡ್‌ಮಾಸ್ತರ ವರ್ಗ ಆಗಿ ಹೋದ್ರು. ಈಗ ನಾವ ಹೋಗಿ ಕೇಳಿದ್ರ "ಮೊದಲಿಂದನೂ ಇಲ್ಲೇ ಅದಾವ್ರೀ" ಅಂತಾರ. ಒಂದ ಕಲ್ಲಿನ್ಯಾಗ ಊರ ಹೆಸರ ಇರೋ ಸಾಲ ಸವೆದ ಹೋಗೇತಿ. ಅದು ಎಲ್ಲಿ ಇತ್ತು ಅಂತ ಗೊತ್ತಿದ್ರ ಆ ಊರ ಯಾವ್ದು ಅಂತ ತಿಳೀತಿತ್ತು. ಈಗ ಆ ದಾರಿ ಪೂರಾ ಬಂದ್.

ಲಕ್ಕುಂಡಿಗೆ ಒಮ್ಮೆ ಬಂದ ನೋಡ್ರಿ. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಅಂತ ಜನ ಹೇಳೋ ಊರದು. 1007ರ ಹೊತ್ತಿಗೆ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಒಂದ ಕಡೆ, ಮುಸುಕಿನ ಬಾವಿ ಇನ್ನೊಂದ ಕಡೆ. ಅಡ್ಡಾಡಿದಷ್ಟೂ ಮನಿ ಗ್ವಾಡ್ಯಾಗ, ಹಿತ್ತಲದಾಗ ಒಂದೊಂದ ಕಲ್ಲ ಕಾಣ್ತಾವ. ಬಾವಿ ಪಾವಟಗಿ ಇಳಕೋತ ಹೋದಾಗ ಆಗೋ ತಿಳುವಳಿಕಿ ಅದರದ ಫೋಟೋ ನೋಡಿದ್ರ ಆಗಂಗಿಲ್ರೀ.

ಬೇಲೂರು ಕಡೆಯವ

ಗದಗಿನವರೇ, ಚೀಟಿ ಬರೆಯದ್ದು ತಪ್ಪು, ಎತ್ತಿದ್ದು ತಪ್ಪಲ್ಲ. ಏರಿಯ ಮೇಲೆ ಲಾರಿ ಓಡಾಡುತ್ತದೆ. ನಾಳೆ ಒಂದು ಟಿಪ್ಪರ್ ಹಿಮ್ಮುಖ ಬಂದರೆ ಕರುವೂ ಇಲ್ಲ, ವೀರನೂ ಇಲ್ಲ. ಆಗ ಜಾಗ ಇಟ್ಟುಕೊಂಡು ಏನು ಮಾಡುವುದು?

ನಿವೃತ್ತ ಶಿರಸ್ತೇದಾರ್

ಇಬ್ಬರೂ ಹೇಳುವುದರಲ್ಲಿ ಸತ್ಯ ಇದೆ. ನಾನು ಕಾಗದದ ಕಡೆಯಿಂದ ಹೇಳುತ್ತೇನೆ.

ಮೊದಲು ಆ ಕಲ್ಲುಗಳು ಯಾವ ಸರ್ವೆ ನಂಬರಿನಲ್ಲಿವೆ ನೋಡಿ. ಮೊಬೈಲಿನಲ್ಲಿ ದಿಶಾಂಕ್ ಎಂಬ ಆ್ಯಪ್ ಹಾಕಿಕೊಂಡು ಕಲ್ಲಿನ ಪಕ್ಕ ನಿಂತರೆ ನಂಬರ್ ತೋರಿಸುತ್ತದೆ. ಆಮೇಲೆ ಗ್ರಾಮನಕ್ಷೆ, ಪಹಣಿ ತೆಗೆಸಿ. ಕೆರೆ ಅಂಗಳ, ಏರಿ ಸರ್ಕಾರದ್ದೇ ಆಗಿರುತ್ತದೆ. ತೋಪು, ಓಣಿ, ಹಳ್ಳ ಬಿ ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಸೇರದ ಜಾಗದಲ್ಲಿ, ಇರಬಹುದು, ಅದೂ ಸಾರ್ವಜನಿಕರದ್ದೇ. ರಸ್ತೆಯವರು ಎಷ್ಟು ಅಗಲಕ್ಕೆ ಮಂಜೂರಾತಿ ಪಡೆದಿದ್ದಾರೆ ಎಂಬ ನಕ್ಷೆಯನ್ನೂ ಕೇಳಿ ಪಡೆಯಿರಿ. ಕಲ್ಲು ಕಡಿಯದೆಯೇ ಅಂಚು ತಿರುಗಿಸಿಕೊಳ್ಳುವಷ್ಟು ಜಾಗ ಇದ್ದರೂ ಯಾರೂ ಕೇಳದೇ ಇದ್ದುದರಿಂದ ನೇರ ಗೆರೆ ಎಳೆದಿರುವುದು ಬೇಕಾದಷ್ಟು ಕಡೆ ಇದೆ.

ಕಾನೂನಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಹರಡಿದೆ. ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎನ್ನುವುದು 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ, ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿರುವುದಕ್ಕೆ ಮಾತ್ರ. ರಾಜ್ಯಕ್ಕೆ 1961ರ ಕಾಯ್ದೆ ಬೇರೆ ಇದೆ, ಅದಕ್ಕೂ ಅಧಿಸೂಚನೆ ಬೇಕು. ಏರಿಯ ಮೇಲಿನ ಬಿಡಿ ಕಲ್ಲು ಬಹುತೇಕ ಎರಡು ಪಟ್ಟಿಯಲ್ಲೂ ಇರುವುದಿಲ್ಲ. ಹಾಗೆಂದು ಯಾರು ಬೇಕಾದರೂ ಹೊತ್ತೊಯ್ಯಬಹುದು ಎಂದಲ್ಲ. ನೂರು ವರ್ಷ ದಾಟಿದ ಶಿಲ್ಪ, ಶಾಸನಗಳು 1972ರ ಪುರಾವಸ್ತು ಕಾಯ್ದೆಯೊಳಗೆ ಬರುತ್ತವೆ. ನೆಲದೊಳಗಿಂದ ಏನಾದರೂ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಆದ್ದರಿಂದ ಬುಡದಲ್ಲಿ ಇನ್ನೇನಿದೆ ನೋಡೋಣ ಎಂದು ಗುದ್ದಲಿ ಹಾಕಬೇಡಿ. ನಿಮ್ಮ ಒಳ್ಳೆಯ ಹೆಸರು ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ.

ಅರ್ಜಿ ಮೂರು ಕಡೆ ಕೊಡಿ: ತಹಶೀಲ್ದಾರರಿಗೆ, ರಸ್ತೆ ಕಾಮಗಾರಿಯ ಎಂಜಿನಿಯರಿಗೆ, ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ. ಫೋಟೋ, ಸರ್ವೆ ನಂಬರ್, ಅಳತೆ ಲಗತ್ತಿಸಿ. ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಂದೆ ಸದಸ್ಯರು ಬದಲಾದರೂ ನಡಾವಳಿ ಬದಲಾಗುವುದಿಲ್ಲ.

ಕೋಟೆಬೀದಿ ಬಳಗ

ಶಿರಸ್ತೇದಾರ್ ಸರ್, ತುಂಬಾ ಉಪಕಾರ. ದಿಶಾಂಕ್‌ನಲ್ಲಿ ನೋಡಿದೆವು, ಮೂರೂ ಕೆರೆಯ ಸರ್ವೆ ನಂಬರಿನಲ್ಲೇ ಇವೆ.

ಇನ್ನೊಂದು ಸಂಗತಿ ಮೊದಲೇ ಹೇಳಬೇಕಿತ್ತು. ಚಿಕ್ಕ ವೀರಗಲ್ಲಿಗೆ ಒಂದು ಮನೆತನದವರು ಪೂಜೆ ಮಾಡುತ್ತಾರೆ. ಯುಗಾದಿಗೆ ಎಣ್ಣೆ, ಅರಿಶಿನ, ಕುಂಕುಮ. ಎರಡು ವರ್ಷದ ಕೆಳಗೆ ಯಾರೋ ಹರಕೆ ಹೊತ್ತು ಮುಖಕ್ಕೆ ಹಳದಿ ಆಯಿಲ್ ಪೇಂಟ್ ಬಳಿದಿದ್ದಾರೆ. ಕಲ್ಲು ಕದಲಿಸಲು ಆ ಮನೆಯ ಅಜ್ಜಿ ಖಂಡಿತ ಒಪ್ಪುವುದಿಲ್ಲ. "ನಮ್ಮಪ್ಪ ಕೆರೆ ಕಾಯೋಕೆ ನಿಂತವ್ನೆ, ಬಸ್ ಸ್ಟ್ಯಾಂಡಿನಾಗೆ ಅವನಿಗೇನು ಕೆಲಸ" ಅಂದರು. ನಮ್ಮ ಹುಡುಗರು ಪೇಂಟನ್ನು ಆಸಿಡ್ ಹಾಕಿ ತೆಗೆಯೋಣ ಅನ್ನುತ್ತಿದ್ದಾರೆ.

ಗಾರೆ ಕೆಲಸ

ಆಸಿಡ್ ಮುಟ್ಟಬೇಡಿ ಸ್ವಾಮಿ! ತಂತಿ ಬ್ರಷ್, ಉಳಿ, ಮರಳು ಚಿಮ್ಮಿಸುವ ಯಂತ್ರ ಯಾವುದೂ ಬೇಡ. ಪೇಂಟಿನ ಜೊತೆ ಕಲ್ಲಿನ ಮೇಲ್ಪದರವೂ ಹೋಗುತ್ತದೆ. ಎಷ್ಟೋ ದೇವಸ್ಥಾನಗಳಲ್ಲಿ ಮರಳು ಚಿಮ್ಮಿಸಿ "ಹೊಸದರ ಹಾಗೆ" ಮಾಡಿದ ಮೇಲೆ ಕೆತ್ತನೆಯ ಅಂಚು ಮೊಂಡಾಗಿ, ಕಲ್ಲು ನೀರು ಕುಡಿಯಲು ಶುರುವಾಗಿದೆ. ಪೇಂಟ್ ತೆಗೆಯುವುದು ತಿಳಿದವರು ಮಾಡುವ ಕೆಲಸ, ಇಲಾಖೆಯಲ್ಲಿ ರಾಸಾಯನಿಕ ಸಂರಕ್ಷಣೆ ಬಲ್ಲವರಿರುತ್ತಾರೆ. ಅಲ್ಲಿಯವರೆಗೆ ಹಾಗೇ ಇರಲಿ. ನೀವು ಮಾಡಬಹುದಾದದ್ದು ಇಷ್ಟೇ: ಬರಿ ನೀರು, ಮೆತ್ತನೆಯ ಬ್ರಷ್, ಬೇಕಾದರೆ ಬಿದಿರಿನ ಕಡ್ಡಿ. ಸೋಪಿನ ಪುಡಿ ಕೂಡ ಬೇಡ.

ಅಜ್ಜಿಯ ಪೂಜೆಯನ್ನು ನಿಲ್ಲಿಸಲು ಹೋಗಬೇಡಿ. ಆ ಕಲ್ಲು ಇಷ್ಟು ಕಾಲ ಉಳಿದಿರುವುದೇ ಆ ಮನೆತನದಿಂದ. ಕಲ್ಲಿನ ಮುಂದೆ ಒಂದು ಚಪ್ಪಟೆ ಕಲ್ಲು ಇಟ್ಟುಕೊಡಿ. ಎಣ್ಣೆ, ಕುಂಕುಮ ಅದಕ್ಕೆ, ಹೂವು ವೀರನಿಗೆ. ನಾನು ಕೆಲಸ ಮಾಡಿದ ಕಡೆ ಹೀಗೆ ಕೇಳಿಕೊಂಡಾಗ ಹಿರಿಯರು ಒಪ್ಪಿದ್ದಾರೆ. ಪೂಜೆಯಿಂದಲೇ ಕಲ್ಲು ಉಳಿದದ್ದೂ ಉಂಟು, ಪೂಜೆಗಾಗಿ ಕಲ್ಲು ಕಡಿದದ್ದೂ ಉಂಟು. ಸನ್ನತಿಯಲ್ಲಿ ಅಶೋಕನ ಶಾಸನದ ಹಾಸುಗಲ್ಲು ಕಾಳಿಯ ವಿಗ್ರಹಕ್ಕೆ ಪೀಠವಾಗಿ ಕೂತಿತ್ತು. ವಿಗ್ರಹ ನಿಲ್ಲಿಸಲು ಅದರ ನಡುವೆ ಕುಳಿ ತೋಡಿದ್ದರು, ಅಲ್ಲಿದ್ದ ಅಕ್ಷರಗಳು ಹೋದವು. ಉಳಿದದ್ದು ಮಾತ್ರ ಆ ದೇವಿಯ ಅಡಿಯಲ್ಲೇ ನಮ್ಮ ಕಾಲದವರೆಗೆ ಬಂದಿತು.

ಇನ್ನು ನಿಲ್ಲಿಸುವ ವಿಧಾನ. ಸಿಮೆಂಟ್ ಕಾಂಕ್ರೀಟಿನಲ್ಲಿ ಬುಡ ಹೂಳಬೇಡಿ. ಕೆಳಗಿನ ಸಾಲುಗಳು ಶಾಶ್ವತವಾಗಿ ಮುಚ್ಚಿಹೋಗುತ್ತವೆ. ನೆಲದ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲದೆ ಅದು ಕಲ್ಲಿನೊಳಗೇ ಏರುತ್ತದೆ, ಉಪ್ಪು ಕಟ್ಟಿ ಪದರ ಪದರವಾಗಿ ಉದುರುತ್ತದೆ. ಗುಂಡಿಯ ತಳಕ್ಕೆ ಜಲ್ಲಿ, ಮರಳು, ಸುತ್ತ ಕಲ್ಲು ಚಕ್ಕೆ ಬಿಗಿದು ಮೇಲೆ ಸುಣ್ಣದ ಗಾರೆ. ಗಾರೆಗೆ ಹಳೆ ಕಾಲದಲ್ಲಿ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು, ಈಗಲೂ ಗೊತ್ತಿದ್ದವರು ಸೇರಿಸುತ್ತಾರೆ. ಗಾರೆಯನ್ನು ನಾಳೆ ಬೇಕಾದರೆ ಬಿಡಿಸಬಹುದು. ಸಿಮೆಂಟ್ ಬಿಡಿಸಲು ಹೋದರೆ ಕಲ್ಲೇ ಒಡೆಯುತ್ತದೆ. ಡಾಂಬರಿನಲ್ಲಿ ಸಿಕ್ಕಿಕೊಂಡ ವೀರನನ್ನು ಬಿಡಿಸುವಾಗಲೂ ಕೈಯಲ್ಲೇ, ನಿಧಾನವಾಗಿ. ಬ್ರೇಕರ್ ಮೆಷಿನ್ ಹತ್ತಿರಕ್ಕೂ ಬರಬಾರದು, ಅದರ ಅದುರಿಗೆ ಹಳೆಯ ಬಿರುಕು ಬಾಯಿಬಿಡುತ್ತದೆ.

ಎಂ.ಎ. ವಿದ್ಯಾರ್ಥಿನಿ

ದಾಖಲೆಯ ಬಗ್ಗೆ ನನ್ನದೊಂದು ಮಾತು. ಶಾಸನದ ಅಕ್ಷರಕ್ಕೆ ಸುಣ್ಣ, ಚಾಕ್‌ಪೀಸ್, ಮೈದಾ ಹಿಟ್ಟು ತುಂಬಿ ಫೋಟೋ ತೆಗೆಯುವುದನ್ನು ಬಿಡಿ. ಅಕ್ಷರ ಎಲ್ಲಿದೆ ಎಂದು ನಾವೇ ತೀರ್ಮಾನಿಸಿ ತುಂಬಿದಂತಾಗುತ್ತದೆ. ಕತ್ತಲಾದ ಮೇಲೆ ಹೋಗಿ. ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ಸವರುವ ಹಾಗೆ ಹಿಡಿಯಲಿ, ಇನ್ನೊಬ್ಬರು ನೇರ ಮುಂದಿನಿಂದ ಫೋಟೋ ತೆಗೆಯಲಿ. ಬೆಳಕನ್ನು ಎಡದಿಂದ, ಬಲದಿಂದ, ಮೇಲಿನಿಂದ ಬದಲಿಸಿ. ಹಗಲಲ್ಲಿ ಬೋಳು ಅನ್ನಿಸುವ ಕಲ್ಲಿನಲ್ಲಿ ಸಾಲುಗಳು ಎದ್ದು ಬರುತ್ತವೆ. ಪಕ್ಕದಲ್ಲಿ ಅಳತೆ ಪಟ್ಟಿ ಇಡಿ. ಹಿಂಬದಿ, ಎರಡು ಬದಿ, ಸುತ್ತಲಿನ ನೋಟ, ಎಲ್ಲವೂ ಬೇಕು.

ಬೆಂಗಳೂರಿನ ಹೆಬ್ಬಾಳದ ಉದಾಹರಣೆ ನಿಮಗೆ ಧೈರ್ಯ ಕೊಡಬಹುದು. 2018ರಲ್ಲಿ ಚರಂಡಿ ಕಾಮಗಾರಿಯಲ್ಲಿ ಸಿಕ್ಕ ಕಲ್ಲು ಅದು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು, ಕಿತ್ತಯ್ಯ ಎಂಬ ವೀರನದು. ಕಸದ ಜೊತೆ ಹೋಗಬೇಕಿದ್ದದ್ದನ್ನು ಆಸಕ್ತರು, ಬಡಾವಣೆಯವರು ಸೇರಿ ಉಳಿಸಿಕೊಂಡರು, ಅದೇ ಪ್ರದೇಶದಲ್ಲಿ ಮಂಟಪವೂ ಆಯಿತು. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಸವೆದ ಅಕ್ಷರ ಓದಲು ಅದರಿಂದ ಬಹಳ ಅನುಕೂಲ.

ಒಂದು ಎಚ್ಚರಿಕೆ: ಊರಾಚೆ, ಕಾಡಂಚಿನಲ್ಲಿ ಒಂಟಿಯಾಗಿರುವ ಕಲ್ಲುಗಳ ನಿಖರ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಅದನ್ನು ಇಲಾಖೆಗೆ ಕೊಡಿ, ನಿಮ್ಮ ಪುಸ್ತಕದಲ್ಲಿ ಬರೆದಿಡಿ, ಅಷ್ಟೇ. ನಿಧಿಗಳ್ಳರೂ ಫೋನ್ ನೋಡುತ್ತಾರೆ.

ಬೇಲೂರು ಕಡೆಯವ

ಇದು ನನ್ನ ಮನಸ್ಸಿಗೆ ಒಪ್ಪಿತು. ಆದರೆ ಮೇಷ್ಟ್ರೇ, ಅಜ್ಜಿಯಂಥವರು ಇರುವ ಕಲ್ಲಿಗೆ ಕಾವಲಿದೆ. ನಾನು ಹೇಳಿದ ತೋಟದ ಕಲ್ಲಿಗೆ ಯಾರೂ ಇರಲಿಲ್ಲ. ಅಂಥದ್ದನ್ನೂ ಅಲ್ಲೇ ಬಿಡಬೇಕೇ?

ಶಾಸನದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಎಲ್ಲವನ್ನೂ ಇದ್ದಲ್ಲೇ ಬಿಡಿ ಎಂದು ನಾನು ಹೇಳುವುದಿಲ್ಲ. ನೀರಿನಲ್ಲಿ ಮುಳುಗುವ ಜಾಗ, ಕ್ವಾರಿ ನುಂಗುತ್ತಿರುವ ಗುಡ್ಡ, ಆಗಲೇ ಬುಡ ಕಿತ್ತು ಬಿದ್ದಿರುವ ಕಲ್ಲು, ಇಂಥ ಕಡೆ ಎತ್ತಲೇಬೇಕು. ಎತ್ತಿದರೂ ಅದೇ ಊರಿನ ಎಲ್ಲೆಯೊಳಗೆ, ಆದಷ್ಟು ಹತ್ತಿರ.

ಆತಕೂರಿನ ಶಾಸನ ನೆನಪಾಗುತ್ತದೆ. 949–50ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತವು, ಆ ನಾಯಿಗಾಗಿ ನಿಲ್ಲಿಸಿದ ಕಲ್ಲು. ನಾಯಿ ಹಂದಿಯ ಮೇಲೆ ಎರಗಿದ ಚಿತ್ರ ಕಲ್ಲಿನ ಮೇಲೇ ಇದೆ. ಜನರಿಗೆ ನಾಯಿಯ ಕಥೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಶಾಸನದ ಇನ್ನೊಂದು ಮಾತು: ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಅರ್ಚಕ, ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ. ಅಂದರೆ ಕಲ್ಲು ನೆಟ್ಟ ದಿನವೇ ಅದನ್ನು ನೋಡಿಕೊಳ್ಳುವವನು ಯಾರು ಎಂದು ಗೊತ್ತು ಮಾಡಿದ್ದರು. ದಿನವೂ ಆಗಬೇಕಾದ ಕೆಲಸ, ಅದಕ್ಕೆ ಹೊಣೆಯಾದ ಒಬ್ಬ ಮನುಷ್ಯ. ವಸ್ತುಸಂಗ್ರಹಾಲಯ ಆ ಹೊಣೆಯನ್ನು ಚೆನ್ನಾಗಿ ಹೊತ್ತಿದೆ, ಅಲ್ಲಿ ಸಿಬ್ಬಂದಿ ಇದ್ದಾರೆ. ಬಸ್ ನಿಲ್ದಾಣದ ಹಿಂದಿನ ಜಾಗದಲ್ಲಿ ಉದ್ಘಾಟನೆಯ ಮರುದಿನ ಯಾರಿರುತ್ತಾರೆ? ಏರಿಯ ಮೇಲೆ ಕಡೆಯ ಪಕ್ಷ ಅಜ್ಜಿ ಇದ್ದಾರೆ, ನೀರುಗಂಟಿ ಇದ್ದಾನೆ, ಹೊಲಕ್ಕೆ ಹೋಗುವ ಜನ ಇದ್ದಾರೆ.

ಹಾಗಾಗಿ ತೋಟದ ಕಲ್ಲಿಗೂ ನನ್ನ ಉತ್ತರ ಅದೇ. ಮೊದಲು ಮನುಷ್ಯರನ್ನು ಹುಡುಕಿ. ತೋಟದವರನ್ನೇ ಕೂರಿಸಿ ಕಲ್ಲು ಓದಿ ಹೇಳಿ. ತಮ್ಮ ತೋಟದಲ್ಲಿರುವುದು ಯಾರು ಎಂದು ತಿಳಿದವರು ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದು ಕಡಿಮೆ.

ಬಳಗದವರಿಗೆ ಇನ್ನೊಂದು ಕಿವಿಮಾತು. ವೀರನನ್ನು "ನಮ್ಮವನು" ಎಂದು ಒಂದಕ್ಕಿಂತ ಹೆಚ್ಚು ಜನಾಂಗದವರು ಹೇಳಿಕೊಂಡು ಬರುತ್ತಾರೆ. ಕಲ್ಲಿನಲ್ಲಿ ಬರೆದಿರುವುದನ್ನು ಮಾತ್ರ ಫಲಕದಲ್ಲಿ ಹಾಕಿ. ಬರಹವಿಲ್ಲದ ವೀರಗಲ್ಲಿಗೆ ಹೆಸರು ಕಟ್ಟಬೇಡಿ. ಆ ಜಗಳ ಒಮ್ಮೆ ಹತ್ತಿಕೊಂಡರೆ ಕಲ್ಲೂ ಉಳಿಯುವುದಿಲ್ಲ, ಬಳಗವೂ ಉಳಿಯುವುದಿಲ್ಲ.

ತೋಪಿನಕ್ಕ

ಇಷ್ಟು ಹೊತ್ತು ಎಲ್ಲರೂ ಕಲ್ಲಿನ ಬಗ್ಗೆಯೇ ಮಾತಾಡಿದಿರಿ. ಏರಿ ರಸ್ತೆ ಅಗಲವಾದರೆ ಏರಿಯ ಮೇಲಿನ ಹುಣಸೆ, ಹೊಂಗೆ, ಬೇವಿನ ಮರಗಳ ಗತಿ ಏನು? ಕಲ್ಲುಗಳನ್ನು ಮೊದಲೇ ಎತ್ತಿಕೊಟ್ಟುಬಿಟ್ಟರೆ ಮರ ಕಡಿಯುವವರಿಗೆ ಇದ್ದ ಒಂದೇ ಅಡ್ಡಿಯೂ ಹೋಯಿತು. ಆಮೇಲೆ ಏರಿಯ ಮಣ್ಣು ಜಗ್ಗುತ್ತದೆ. ಕೆರೆ, ಏರಿ, ತೂಬು, ಕೋಡಿ, ತೋಪು, ಕಲ್ಲು ಇವನ್ನು ಒಂದೇ ಅರ್ಜಿಯಲ್ಲಿ ಸೇರಿಸಿ ಕೇಳಿ. ಬಿಡಿ ಬಿಡಿಯಾಗಿ ಕೇಳಿದರೆ ಬಿಡಿ ಬಿಡಿಯಾಗಿಯೇ ಕಳೆದುಕೊಳ್ಳುತ್ತೀರಿ.

ಇದಕ್ಕೆ ದಾರಿ ಇದೆ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಣೆಯಾಯಿತು, ದೇಶದಲ್ಲೇ ಮೊದಲನೆಯದು. ಅಲ್ಲಿ ಹಳೆಯ ಹುಣಸೆ ಮರಗಳ ನಡುವೆಯೇ ಹಳೆಯ ಗುಡಿಯ ಅವಶೇಷಗಳೂ ಇವೆ, ಎರಡೂ ಒಂದಕ್ಕೊಂದು ನೆರಳಾಗಿವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ನಿಮ್ಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕಾಗದದ ಮೇಲಷ್ಟೇ ಇದ್ದರೂ ಇದೆ. ಅದನ್ನು ಎಬ್ಬಿಸಿ. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಏರಿಯ ಪ್ರತಿ ಮರವನ್ನೂ ಬರೆಸಿ. ಗುಡ್ಡದ ಕಡೆಗೂ ಕಣ್ಣಿರಲಿ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ನೂರಾರು ಶಿಲಾಸಮಾಧಿಗಳು ಬಂಡೆಗಳ ನಡುವೆ ನಿಂತಿವೆ. ಅಲ್ಲಿ ಸಮಾಧಿಯ ಕಲ್ಲು ಯಾವುದು, ಗುಡ್ಡದ ಕಲ್ಲು ಯಾವುದು ಎಂದು ಬೇರೆ ಮಾಡಲು ಆಗುವುದೇ ಇಲ್ಲ.

ಗದಗಿನಾಂವ

ಅಕ್ಕಾರು ಹೇಳಿದ್ದ ಮಾತಿಗೆ ನಂದೂ ಒಪ್ಪಿಗಿ. ರೊಕ್ಕದ ಬಗ್ಗೆನೂ ಒಂದ ಮಾತ. ಬಳಗದಾಗ ಚಂದಾ ಎತ್ತೂದಿದ್ರ ಮೊದಲ ದಿನದಿಂದ ಲೆಕ್ಕ ಬರದ ಗುಡಿ ಬಾಗಲಕ ಹಚ್ರಿ. ನಮ್ಮಲ್ಲಿ ಒಂದ ಚಲೋ ಗುಂಪು ಇದ ಕಾರಣಕ್ಕ ಒಡದ ಹೋತು.

ಕೋಟೆಬೀದಿ ಬಳಗ

ಎಲ್ಲರಿಗೂ ಮತ್ತೆ ನಮಸ್ಕಾರ. ನಡೆದದ್ದನ್ನು ತಿಳಿಸುತ್ತೇವೆ.

ತಹಶೀಲ್ದಾರ್ ಕಚೇರಿಯಿಂದ ಸ್ಥಳ ಪರಿಶೀಲನೆಗೆ ಬಂದರು. ರಸ್ತೆಯ ಎಂಜಿನಿಯರ್ ಕೂಡ ಇದ್ದರು. ನಕ್ಷೆ ಮುಂದಿಟ್ಟು ನೋಡಿದಾಗ ಶಿರಸ್ತೇದಾರ್ ಸರ್ ಹೇಳಿದಂತೆಯೇ ಆಯಿತು, ಅಗಲೀಕರಣವನ್ನು ಗದ್ದೆ ಬದಿಗೆ ತಿರುಗಿಸಲು ಜಾಗ ಇತ್ತು. ಎರಡೂ ವೀರಗಲ್ಲು ಇದ್ದಲ್ಲೇ ಉಳಿಯುತ್ತವೆ, ರಸ್ತೆಗೂ ಅವಕ್ಕೂ ನಡುವೆ ಮೋಟುಗೋಡೆ ಬರುತ್ತದೆ. ದೊಡ್ಡ ಕಲ್ಲಿನ ಸುತ್ತಲಿನ ಡಾಂಬರನ್ನು ಗಾರೆ ಕೆಲಸದವರು ಹೇಳಿದ ಹಾಗೆ ಕೈಯಲ್ಲೇ ಬಿಡಿಸಲು ಒಪ್ಪಿದ್ದಾರೆ. ಅಜ್ಜಿಯ ಮನೆಯವರು ಪೂಜೆಗೆ ಚಪ್ಪಟೆ ಕಲ್ಲನ್ನು ತಾವೇ ತಂದು ಇಟ್ಟರು.

ಶಾಸನ ಮಾತ್ರ ಚರಂಡಿಯಿಂದ ಏಳಲೇಬೇಕು. ಇಲಾಖೆಯವರು ಬಂದ ದಿನ, ಅವರೆದುರಿಗೇ ಎತ್ತಿ ಅದೇ ಏರಿಯ ಮೇಲೆ ಕೋಡಿಯ ಪಕ್ಕದ ಹುಣಸೆ ಮರದ ಬಳಿ ನಿಲ್ಲಿಸುವುದೆಂದು ಗ್ರಾಮಸಭೆಯಲ್ಲಿ ನಡಾವಳಿ ಆಗಿದೆ. ಮೂಲ ಜಾಗದ ಅಳತೆ, ದಿಕ್ಕು, ಫೋಟೋ ಎಲ್ಲವನ್ನೂ ಬರೆದು ಮೂರು ಪ್ರತಿ ಮಾಡಿದ್ದೇವೆ: ಒಂದು ಪಂಚಾಯಿತಿಗೆ, ಒಂದು ಶಾಲೆಗೆ, ಒಂದು ನಮ್ಮಲ್ಲಿ. ಬಸ್ ನಿಲ್ದಾಣದ ಹಿಂದಿನ ಜಾಗದಲ್ಲಿ ಕಲ್ಲುಗಳ ಬದಲು ತಾಲ್ಲೂಕಿನ ನಕ್ಷೆ, ಯಾವ ಊರಿನಲ್ಲಿ ಏನಿದೆ ಎಂಬ ಫಲಕ ಹಾಕಿ ಎಂದು ಕೇಳಿದ್ದೇವೆ. ಉತ್ತರ ಬಂದಿಲ್ಲ. ಮರಗಳ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ, ಗದ್ದೆ ಬದಿಯ ಎರಡು ಹೊಂಗೆ ಮರಗಳಿಗೆ ಗುರುತು ಹಾಕಿ ಹೋಗಿದ್ದಾರೆ. ಜೀವವೈವಿಧ್ಯ ಸಮಿತಿಯ ಸಭೆ ಕರೆಯಲು ಪಿಡಿಒ ಅವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ತೋಪಿನಕ್ಕ, ಆ ಸಭೆಯಲ್ಲಿ ಏನೇನು ಕೇಳಬೇಕು ಎಂದು ದಯವಿಟ್ಟು ಬರೆದು ತಿಳಿಸಿ.

ಮೇಷ್ಟ್ರೇ, ಹನ್ನೆರಡನೆಯ ಸಂಪುಟದಲ್ಲಿ ಹುಡುಕಿದೆವು. ನಮ್ಮ ಕೆರೆಯ ಹೆಸರಿನಲ್ಲಿ ಯಾವ ಶಾಸನವೂ ಕಾಣಲಿಲ್ಲ. ರಾತ್ರಿ ಟಾರ್ಚ್ ಹಿಡಿದು ತೆಗೆದ ಫೋಟೋದಲ್ಲಿ ಮೇಲೆ ಸೂರ್ಯ, ಚಂದ್ರ, ಕೆಳಗೆ ಹದಿನಾಲ್ಕು ಸಾಲು ಎಣಿಸಲು ಬರುತ್ತವೆ, ಐದನೇ ಸಾಲಿನಲ್ಲಿ "ಕೆರೆಯ" ಎಂಬುದು ಸ್ಪಷ್ಟವಾಗಿದೆ. ಕಲ್ಲು ಎತ್ತುವ ದಿನ ಕಾಗದದ ಪಡಿಯಚ್ಚು (ಕಲ್ಲಿನ ಅಕ್ಷರಗಳನ್ನು ಮಸಿಯಿಂದ ಕಾಗದಕ್ಕೆ ಇಳಿಸಿಕೊಳ್ಳುವುದು) ತೆಗೆಯಲು ಬಲ್ಲವರು ಯಾರಾದರೂ ಬರಲು ಸಾಧ್ಯವೇ? ಓಡಾಟದ ಖರ್ಚು, ಊಟ, ವಸತಿ ನಮ್ಮದು. ಬರುವವರು ಇಲ್ಲೇ ಉತ್ತರಿಸಿ, ಇಲಾಖೆಯವರು ದಿನ ಗೊತ್ತುಮಾಡಿದ ಕೂಡಲೇ ತಿಳಿಸುತ್ತೇವೆ.

ಶಾಸನದ ಮೇಷ್ಟ್ರು

ನಾನು ಬರುತ್ತೇನೆ. ಕಾಗದ, ಮಸಿ, ಬ್ರಷ್ ನನ್ನ ಹತ್ತಿರ ಇವೆ. ಪಡಿಯಚ್ಚಿಗೆ ಕಲ್ಲು ಸ್ವಚ್ಛವಾಗಿರಬೇಕು, ಮಳೆ ಇರಬಾರದು, ಗಾಳಿ ಕಡಿಮೆ ಇರಬೇಕು, ಆದ್ದರಿಂದ ಬೆಳಿಗ್ಗೆಯೇ ಕೆಲಸ ಶುರು ಮಾಡೋಣ. ಇಲಾಖೆಯವರ ಒಪ್ಪಿಗೆಯನ್ನು ಮೊದಲೇ ಕೇಳಿಡಿ. ಕಲಿಯಲು ಮನಸ್ಸಿರುವ ಇಬ್ಬರು ಹುಡುಗರನ್ನೋ ಹುಡುಗಿಯರನ್ನೋ ನನ್ನ ಜೊತೆ ಬಿಡಿ, ಎರಡನೇ ಪ್ರತಿಯನ್ನು ಅವರ ಕೈಯಿಂದಲೇ ತೆಗೆಸುತ್ತೇನೆ.